ಗೋಷಾಮಹಲಿನ ವಹಿ, ನಮ್ಮೂರ ಬಸ್ತಾ

ಮನೆಯಲ್ಲಿ ಮದುವೆ ನಿಶ್ಚಯವಾದರೆ ರಾಯಚೂರಿನವರು ಪಾತ್ರೆ ಪಗಡ, ಒಣಹಣ್ಣು, ಉಡುಗೊರೆ ಸಾಮಾನಿಗೆ ಈಗಲೂ ಹೈದರಾಬಾದಿನ ಬೇಗಂ ಬಜಾರಿಗೇ ಹೋಗುತ್ತಾರೆ. ಆ ಬಜಾರಿನ ಗದ್ದಲದಿಂದ ಸ್ವಲ್ಪವೇ ದೂರದಲ್ಲಿ ಗೋಷಾಮಹಲ್ ಬಾರಾದರಿ ಇದೆ. ಗೋಲ್ಕೊಂಡದ ಕೊನೆಯ ಸುಲ್ತಾನ ಅಬುಲ್ ಹಸನ್ ತಾನಾಶಾ 1682ರಲ್ಲಿ ಕಟ್ಟಿಸಿದ ಅರಮನೆಯ ಭಾಗ ಅದು. 1872ರಲ್ಲಿ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಹೆಸರಿನಲ್ಲಿ ಅದನ್ನು ಫ್ರೀಮೇಸನ್ನರಿಗೆ ಕೊಡಲಾಯಿತು. ನಿಜಾಮರು ಆಗ ಆರು ವರ್ಷದ ಹುಡುಗ. ರಾಜ್ಯಭಾರವೆಲ್ಲ ದಿವಾನ ಸಾಲಾರ್ ಜಂಗರ ಕೈಯಲ್ಲಿತ್ತು. ಕೊಟ್ಟವರು ದಿವಾನರೇ ಎಂದು ತಿಳಿಯಬೇಕು. ಆ ಕಟ್ಟಡ ಅಂದಿನಿಂದ ಮೇಸನ್ನರ ಲಾಡ್ಜ್.

ಆ ಲಾಡ್ಜಿನ ಚರಿತ್ರೆ ನಮಗೆ ಪರವೂರಿನದಲ್ಲ. 1853ರಿಂದ 1860ರವರೆಗಿನ ಬ್ರಿಟಿಷ್ ಆಡಳಿತದ ಏಳು ವರ್ಷ ಬಿಟ್ಟರೆ, 1948ರವರೆಗೂ ರಾಯಚೂರು, ಮಾನ್ವಿ, ದೇವದುರ್ಗಗಳು ನಿಜಾಮರ ಸೀಮೆಯೇ. ನಮ್ಮ ಹಿರಿಯರ ತಕರಾರು, ಅರ್ಜಿ, ಅಪೀಲುಗಳೆಲ್ಲ ಹೋಗಿ ಮುಟ್ಟುತ್ತಿದ್ದುದು ಹೈದರಾಬಾದಿಗೆ. ಗೋಷಾಮಹಲ್ ಮೇಸನ್ನರ ಕೈಸೇರುವ ಹಿಂದಿನ ವರ್ಷ, 1871ರಲ್ಲಿ, ಮುಂಬೈ ಕಡೆಯಿಂದ ಬಂದ ಜಿ.ಐ.ಪಿ. ರೈಲು ಮಾರ್ಗವೂ ಮದ್ರಾಸ್ ರೈಲ್ವೆಯ ಮಾರ್ಗವೂ ರಾಯಚೂರಿನಲ್ಲಿ ಬಂದು ಕೂಡಿದವು. ಹಿಂದುಸ್ತಾನದ ಲಾಡ್ಜುಗಳನ್ನು ತುಂಬಿದವರು ಸೈನ್ಯದ ಅಧಿಕಾರಿಗಳು, ರೈಲ್ವೆ ಎಂಜಿನಿಯರುಗಳು, ವೈದ್ಯರು, ದೊಡ್ಡ ವ್ಯಾಪಾರಸ್ಥರು. ಆ ಮಾರ್ಗ ಹಾಕಿದ ಒಬ್ಬ ಎಂಜಿನಿಯರ್ ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜಿನ ಸದಸ್ಯನಾಗಿದ್ದರೆ ಅವನ ಹೆಸರು, ವಯಸ್ಸು, ಉದ್ಯೋಗ, ವಾಸದ ಊರು, ಸೇರಿದ ತಾರೀಖು ಇವತ್ತಿಗೂ ಲಂಡನ್ನಿನ ವಹಿಯಲ್ಲಿ ಸಿಗುತ್ತವೆ. ಅದೇ ಮಾರ್ಗಕ್ಕೆ ಮಣ್ಣು ಹೊತ್ತ ನಮ್ಮ ಕಡೆಯ ಹೆಣ್ಣು ಗಂಡುಗಳ ಹೆಸರನ್ನು ಯಾವ ವಹಿಯಲ್ಲಿ ಹುಡುಕುವುದು?

ಗುಪ್ತ ಸಂಘ ಎಂದು ಜಗತ್ತೆಲ್ಲ ಕರೆದ ಕೂಟ ತನ್ನ ಒಬ್ಬೊಬ್ಬ ಸದಸ್ಯನ ಲೆಕ್ಕವನ್ನೂ ಇನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಜೋಪಾನ ಮಾಡಿದೆ. ಊರ ನಡುವೆ ಎಲ್ಲರೂ ನೋಡುವಂತೆ ನಡೆದ ನಮ್ಮ ವಾಚನಾಲಯ, ಯುವಕ ಸಂಘ, ಭಜನಾ ಮಂಡಳಿ, ಹಮಾಲರ ಸಂಘ, ಮಹಿಳಾ ಮಂಡಳಿಗಳ ಲೆಕ್ಕ ರದ್ದಿಗೆ ಹೋಗಿದೆ, ಹೋಗುತ್ತಲೇ ಇದೆ. ಇದನ್ನು ಇನ್ನು ನಿಲ್ಲಿಸಬೇಕು. ನಾನು ಕಂದಾಯ ಇಲಾಖೆಯ ದಫ್ತರ ಕೋಣೆಗಳಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ದೇವದುರ್ಗ, ಮಾನ್ವಿ, ಕೊನೆಗೆ ರಾಯಚೂರು. ಕಾಗದ ಸಾಯುವುದನ್ನು ಹತ್ತಿರದಿಂದ ಕಂಡಿದ್ದೇನೆ.

ಮೊದಲು ಈ ಮೇಸನ್ನರು ಯಾರು ಎನ್ನುವುದನ್ನು ಹೇಳಿಬಿಡುತ್ತೇನೆ. ನಮ್ಮ ಕಡೆ ಅವರ ವಿಷಯಕ್ಕೆ ಗಾಳಿಮಾತೇ ಹೆಚ್ಚು. ಉತ್ತರದ ಊರುಗಳಲ್ಲಿ ಅವರ ಕಟ್ಟಡಕ್ಕೆ ಜನ ಜಾದೂಘರ್ ಎಂದೇ ಹೆಸರಿಟ್ಟಿದ್ದರು. ಕಲ್ಲುಕುಟಿಗರ ಹಳೆಯ ಸಂಘಗಳ ಚಿಹ್ನೆಗಳಾದ ಮೂಲೆಮಟ್ಟ, ಕೈವಾರ, ಏಪ್ರನ್‌ಗಳನ್ನು ಇಟ್ಟುಕೊಂಡು, ನಡತೆ, ಸೋದರಭಾವ, ದಾನಧರ್ಮದ ಪಾಠ ಹೇಳುವ ಕೂಟ ಅದು. ಲಂಡನ್ನಿನ ನಾಲ್ಕು ಲಾಡ್ಜುಗಳು ಸೇರಿ ಗ್ರ್ಯಾಂಡ್ ಲಾಡ್ಜ್ ಕಟ್ಟಿಕೊಂಡದ್ದು 1717ರಲ್ಲಿ ಎಂಬುದು ಅವರು ಒಪ್ಪಿದ ಲೆಕ್ಕ. ದೇವರನ್ನು ನಂಬಬೇಕು, ಯಾವ ದೇವರೆಂದು ಕೇಳುವುದಿಲ್ಲ. ಸಭೆಯಲ್ಲಿ ರಾಜಕೀಯ ಮತ್ತು ಮತಧರ್ಮದ ಚರ್ಚೆ ಇಲ್ಲ. ಭಾರತದ ಲಾಡ್ಜುಗಳಲ್ಲಿ ಗೀತೆ, ಕುರಾನ್, ಬೈಬಲ್, ಗುರು ಗ್ರಂಥ ಸಾಹಿಬ್, ಪಾರ್ಸಿಗಳ ಅವೆಸ್ತಾ ಒಂದೇ ಪೀಠದ ಮೇಲೆ ಇರುತ್ತವೆ. ಗುಟ್ಟೆಂದರೆ ದೀಕ್ಷೆಯ ವಿಧಿ, ಕೈಸನ್ನೆ, ಸಂಕೇತದ ಮಾತು. ಅಷ್ಟೇ. ಉಳಿದದ್ದೆಲ್ಲ ಬರವಣಿಗೆಯಲ್ಲಿದೆ.

ಕಲ್ಲುಕುಟಿಗರ ಮಾತು ಬಂದಾಗ ರಾಯಚೂರಿನವರು ನಮ್ಮ ಕೋಟೆಯನ್ನು ನೆನೆಯಲೇಬೇಕು. ಪಶ್ಚಿಮದ ಗೋಡೆಯಲ್ಲಿ ನಲವತ್ತೊಂದು ಅಡಿಗೂ ಹೆಚ್ಚು ಉದ್ದದ ಒಂದೇ ಬಂಡೆ ಇದೆ. 1294ರಲ್ಲಿ ಕಾಕತೀಯರ ಸಾಮಂತ ಗೋರೆ ಗಂಗಯ್ಯ ರೆಡ್ಡಿಯ ಪರವಾಗಿ ವಿಠಲನು ಕೋಟೆ ಕಟ್ಟಿಸಿದ ವಿಷಯ ಅದರ ಮೇಲಿನ ಶಾಸನದಲ್ಲಿದೆ. ಅಲ್ಲಿಯೇ ಗೋಡೆಯ ಮೇಲೆ ಒಂದು ಚಿತ್ರ ಕೆತ್ತಿದ್ದಾರೆ: ಆ ಬಂಡೆಯನ್ನು ಬಂಡಿಯ ಮೇಲೆ ಹೇರಿ, ಸಾಲಾಗಿ ಕಟ್ಟಿದ ಕೋಣಗಳಿಂದ ಎಳೆಸುತ್ತಿರುವುದು, ಹೊಡೆಯುವವರು ಹುರಿದುಂಬಿಸುತ್ತಿರುವುದು, ಹಿಂದಿನಿಂದ ಜನ ಗಾಲಿಗೆ ಹಾರೆ ಕೊಟ್ಟು ನೂಕುತ್ತಿರುವುದು. ಕಟ್ಟಿಸಿದ ದೊರೆಯ ಹೆಸರಷ್ಟೇ ಸಾಕೆಂದು ಅವರು ಬಿಡಲಿಲ್ಲ. ಎಳೆದವರನ್ನೂ ನೂಕಿದವರನ್ನೂ ಕಲ್ಲಿನ ಮೇಲೆ ತಂದರು. ಶಾಲೆಯ ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗುವ ಮಾಸ್ತರರು ಕೃಷ್ಣದೇವರಾಯನ 1520ರ ಯುದ್ಧದ ಕಥೆ ಹೇಳುತ್ತಾರೆ, ಹೇಳಲಿ. ಆದರೆ ಆ ಬಂಡಿಯ ಚಿತ್ರದ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಿಸಿದರೆ ಒಳ್ಳೆಯದು.

ಇನ್ನು ಲಾಡ್ಜಿನ ವಹಿಯ ವಿಷಯ. 1799ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಪ್ತ ಸಂಘಗಳನ್ನು ನಿಷೇಧಿಸುವ ಕಾಯ್ದೆ ತಂದಿತು. ಫ್ರಾನ್ಸಿನ ಕ್ರಾಂತಿಯ ಗಾಳಿ ತಮ್ಮ ಕಡೆಗೂ ಬೀಸೀತೆಂಬ ಹೆದರಿಕೆ. ಮೇಸನ್ನರು ಗೋಗರೆದು ವಿನಾಯಿತಿ ಪಡೆದರು, ಒಂದು ಷರತ್ತಿನ ಮೇಲೆ: ಪ್ರತಿ ಲಾಡ್ಜೂ ತನ್ನ ಸದಸ್ಯರ ಹೆಸರು, ಉದ್ಯೋಗ, ವಿಳಾಸದ ಪಟ್ಟಿಯನ್ನು ವರ್ಷವರ್ಷವೂ ಸ್ಥಳೀಯ ನ್ಯಾಯಾಲಯದ ಗುಮಾಸ್ತನಿಗೆ ಒಪ್ಪಿಸಬೇಕು. 1967ರಲ್ಲಿ ರದ್ದಾಗುವ ತನಕ ಆ ಕಾಯ್ದೆ ಜೀವಂತವಿತ್ತು. ಇದರ ಜೊತೆಗೆ ಗ್ರ್ಯಾಂಡ್ ಲಾಡ್ಜಿನದೇ ಬೇರೆ ನಿಯಮ: ಹಿಂದುಸ್ತಾನದ ಲಾಡ್ಜಾಗಲಿ, ಆಫ್ರಿಕಾದ್ದಾಗಲಿ, ವಾರ್ಷಿಕ ಪಟ್ಟಿ ಲಂಡನ್ನಿಗೆ ಬರಬೇಕು. ಹೀಗೆ ಬಂದ ಪಟ್ಟಿಗಳಲ್ಲಿ 1751ರಿಂದ 1921ರವರೆಗಿನವು ಈಗ ಗಣಕೀಕರಣಗೊಂಡು, ಮನೆತನದ ಮೂಲ ಹುಡುಕುವವರ ಕೈಗೆ ಸಿಗುತ್ತಿವೆ.

ಒಳಗಿನ ಪದ್ಧತಿಯೂ ಅಷ್ಟೇ ಬಿಗಿ. ಮೇಲಿನಿಂದ ಸನದು ಬಾರದೆ ಲಾಡ್ಜ್ ತೆರೆಯುವಂತಿಲ್ಲ. ಸನದಿನ ಜೊತೆಗೆ ಒಂದು ನಂಬರು ಬರುತ್ತದೆ. ಬಾಗಿಲ ಹೊರಗೆ ಕಾವಲು ನಿಲ್ಲುವವನಿಗೆ ಟೈಲರ್ ಎನ್ನುತ್ತಾರೆ. ಅಲ್ಲಿ ಇಟ್ಟ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಯೇ ಒಳಗೆ ಹೋಗಬೇಕು. ಪರವೂರ ಅತಿಥಿಯಾದರೆ ತನ್ನ ಲಾಡ್ಜಿನ ಹೆಸರು, ನಂಬರನ್ನೂ ಬರೆಯಬೇಕು. ಹಿಂದಿನ ಸಭೆಯ ನಡಾವಳಿ ಓದಿ, ಒಪ್ಪಿಗೆ ಪಡೆದು, ಅಧ್ಯಕ್ಷರ ಸಹಿ ಬಿದ್ದ ಮೇಲೆ ಮುಂದಿನ ಕೆಲಸ. ಕಾರ್ಯದರ್ಶಿ ಬದಲಾದರೆ ಪುಸ್ತಕಗಳು ಲಾಡ್ಜಿನಲ್ಲೇ ಉಳಿಯುತ್ತವೆ. ದಫ್ತರ ಕೋಣೆಯಲ್ಲಿ ಆಯುಷ್ಯ ಸವೆಸಿದ ನನಗೆ ಈ ಶಿಸ್ತಿನ ಬಗ್ಗೆ ಗೌರವವಿದೆ. ಇದರ ಫಲ ಏನೆಂಬುದಕ್ಕೆ ಎರಡು ಹೆಸರು ಸಾಕು.

ರುಡ್ಯಾರ್ಡ್ ಕಿಪ್ಲಿಂಗ್ ತನ್ನ ಆತ್ಮಕಥೆಯಲ್ಲಿ ತಾನು ಲಾಹೋರಿನ ಲಾಡ್ಜ್ ಸೇರಿದ್ದು 1885ರಲ್ಲಿ ಎಂದು ಬರೆದುಕೊಂಡಿದ್ದಾನೆ. 'ಹೋಪ್ ಅಂಡ್ ಪರ್ಸೆವರೆನ್ಸ್' ಎಂಬ 782ನೆಯ ನಂಬರಿನ ಆ ಲಾಡ್ಜಿನ ಪುಸ್ತಕದಲ್ಲಿ ಇರುವ ತಾರೀಖು 1886ರ ಏಪ್ರಿಲ್ 5. ಇಪ್ಪತ್ತೊಂದು ತುಂಬಿರಲಿಲ್ಲ; ವಿಶೇಷ ಅನುಮತಿ ಪಡೆದು ಸೇರಿಸಿಕೊಂಡರು, ಬರವಣಿಗೆ ಬಲ್ಲ ಹುಡುಗ ಕಾರ್ಯದರ್ಶಿಯಾಗಿ ಒದಗುತ್ತಾನೆಂಬ ಆಸೆಯಿಂದ. ಜಗತ್ಪ್ರಸಿದ್ಧ ಲೇಖಕನ ನೆನಪು ಒಂದು ವರ್ಷ ಜಾರಿದೆ, ಲಾಹೋರಿನ ವಹಿ ಜಾರಿಲ್ಲ. ಇನ್ನೊಂದು ಹೆಸರು ನರೇಂದ್ರನಾಥ ದತ್ತ. ಕಲ್ಕತ್ತೆಯ 'ಆ್ಯಂಕರ್ ಅಂಡ್ ಹೋಪ್' ಲಾಡ್ಜಿನಲ್ಲಿ 1884ರ ಫೆಬ್ರುವರಿ 19ರಂದು ಆತನಿಗೆ ದೀಕ್ಷೆಯಾಯಿತು. ಅದೇ ತಿಂಗಳು ತಂದೆ ವಿಶ್ವನಾಥ ದತ್ತರು ತೀರಿಕೊಂಡರು, ಮನೆ ಬಡತನಕ್ಕೆ ಬಿತ್ತು. ಮುಂದೆ ವಿವೇಕಾನಂದರಾದ ಆ ಯುವಕ ಅಂಥ ದಿನಗಳಲ್ಲೂ ಲಾಡ್ಜಿನ ಮುಂದಿನ ಎರಡು ಹಂತಗಳನ್ನು ಮೇ ತಿಂಗಳೊಳಗೆ ಮುಗಿಸಿದ್ದನ್ನು ಆ ಪುಸ್ತಕಗಳೇ ಹೇಳುತ್ತವೆ.

ಹಾಗೆಂದು ನಾನು ಆ ಕೂಟದ ಗುಣಗಾನಕ್ಕೆ ಹೊರಟಿಲ್ಲ. ಸೋದರಭಾವ ಸಾರಿದವರು ಕರಿಯ ಚರ್ಮದ ಸೋದರನನ್ನು ಬಹಳ ಕಾಲ ಬಾಗಿಲಲ್ಲೇ ನಿಲ್ಲಿಸಿದರು. ಕಲ್ಕತ್ತೆಯಲ್ಲಿ ಮೊದಲ ಲಾಡ್ಜ್ ಹುಟ್ಟಿದ್ದು 1730ರಲ್ಲಿ, ಮದ್ರಾಸಿನಲ್ಲಿ 1752ರಲ್ಲಿ. ಆರ್ಕಾಟಿನ ನವಾಬನ ಹಿರಿಯ ಮಗ ಉಮ್ದತ್ ಉಲ್ ಉಮರಾನಿಗೆ 1770ರ ದಶಕದಲ್ಲಿಯೇ ಸುಲಭವಾಗಿ ಬಾಗಿಲು ತೆರೆಯಿತು. ಲಂಡನ್ನಿನಿಂದ ಅಭಿನಂದನೆಯೂ ಏಪ್ರನ್ನೂ ಬಂದವು. ಪ್ರಸನ್ನ ಕುಮಾರ ದತ್ತ ಎಂಬ ಬಂಗಾಳಿ ಹಿಂದೂ ಗೃಹಸ್ಥ ಮಾತ್ರ ವರ್ಷಗಟ್ಟಲೆ ಅರ್ಜಿ ಹಿಡಿದು ಕಾದು, ಲಂಡನ್ನಿನವರೆಗೆ ತಕರಾರು ಒಯ್ದು, 1872ರಲ್ಲಿ ಒಳಗೆ ಬಂದರು. ಗೋಷಾಮಹಲ್ ಮೇಸನ್ನರಿಗೆ ಸಿಕ್ಕಿದ್ದೂ ಅದೇ ವರ್ಷ. ನಮ್ಮ ನೆಲದ ಅರಮನೆಯನ್ನು ಪಡೆಯುವುದಕ್ಕೆ ಇಲ್ಲದ ಸಂಕೋಚ ನಮ್ಮ ಜನರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದಕ್ಕೆ ಇತ್ತು. ಹೆಂಗಸರಿಗಂತೂ ಆ ಪಂಥದಲ್ಲಿ ಇವತ್ತಿಗೂ ಪ್ರವೇಶವಿಲ್ಲ. ಆನಿ ಬೆಸೆಂಟ್ 1902ರಲ್ಲಿ ಸೇರಿದ್ದು, ಗಂಡಸರನ್ನೂ ಹೆಂಗಸರನ್ನೂ ಸಮನಾಗಿ ಸೇರಿಸುವ ಬೇರೆಯೇ ಒಂದು ಪಂಥ. ಗೋಷಾಮಹಲಿನ ಹಾಜರಿ ಪುಸ್ತಕದಲ್ಲಿ ನನ್ನಂಥವಳು ಸಹಿ ಹಾಕುವ ಪ್ರಶ್ನೆಯೇ ಬರುವುದಿಲ್ಲ. ಇದು ತಪ್ಪು, ಅದನ್ನು ತಪ್ಪೆಂದೇ ಹೇಳುತ್ತೇನೆ.

ಅದೇ ನಿಜಾಮ ರಾಜ್ಯದಲ್ಲಿ ಕನ್ನಡದವರ ಸಭೆ ಹೇಗೆ ನಡೆಯುತ್ತಿತ್ತು? ಗಸ್ತಿ ನಿಶಾನ್ 53 ಎಂಬ ಸುತ್ತೋಲೆಯ ಹೆಸರನ್ನು ನಮ್ಮ ಹಿರಿಯರು ಕೊನೆಯವರೆಗೂ ಮರೆಯಲಿಲ್ಲ. ಮೊದಲೇ ಅನುಮತಿ ಪಡೆಯದೆ ಸಾರ್ವಜನಿಕ ಸಭೆ ಮಾಡುವಂತಿಲ್ಲ. ಬಾಗಿಲು ಹಾಕಿಕೊಂಡು ಸೇರುವ ದೊಡ್ಡವರಿಗೆ ಅರಮನೆ, ಬಯಲಿನಲ್ಲಿ ಸೇರುವ ಬಡವರಿಗೆ ಪೊಲೀಸರ ಪರವಾನಗಿ. ಅಂಥ ಕಾಲದಲ್ಲಿಯೇ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದರು. ಅಂಥ ಕಾಲದಲ್ಲಿಯೇ, 1934ರಲ್ಲಿ, ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮೂರಲ್ಲಿ ನಡೆಯಿತು. ಅಧ್ಯಕ್ಷರ ಭಾಷಣ ಅಚ್ಚಾಗುತ್ತದೆ, ಉಳಿಯುತ್ತದೆ. ಆದರೆ ಪರವೂರಿನ ಸಾಹಿತಿಗಳಿಗೆ ಮನೆ ಬಿಟ್ಟುಕೊಟ್ಟವರು ಯಾರು, ಚಪ್ಪರಕ್ಕೆ ಗಳ ಎಲ್ಲಿಂದ ಬಂತು, ರೊಟ್ಟಿ ಬಡಿದ ಹೆಣ್ಣುಮಕ್ಕಳು ಯಾವ ಓಣಿಯವರು, ಸಭೆಗೆ ಒಪ್ಪಿಗೆ ಬೇಡಿ ಬರೆದ ಅರ್ಜಿಯ ಭಾಷೆ ಎಂಥದ್ದು? ಇವೆಲ್ಲ ಇರುವುದು ಸ್ವಾಗತ ಸಮಿತಿಯವರ ಖರ್ಚಿನ ಚೋಪಡಿಯಲ್ಲಿ. ಅಂಥ ಚೋಪಡಿ ಯಾರದಾದರೂ ಮನೆಯ ಅಟ್ಟದ ಮೇಲಿದ್ದರೆ, ಕೈಮುಗಿದು ಕೇಳುತ್ತೇನೆ, ಅದನ್ನು ಇಳಿಸಿ ನೋಡಿ.

ಮಾನ್ವಿಯಲ್ಲಿದ್ದಾಗ ನನ್ನ ಕೈಗೆ ಒಂದು ಪುಸ್ತಕ ಬಂತು. ತಹಸೀಲು ಕಚೇರಿಯ ದಫ್ತರ ಎಂದರೆ ಕೆಂಪು ಬಟ್ಟೆಯ ಬಸ್ತಾಗಳು: ಸೇತ್ವಾರು, ಖಾಸ್ರಾ ಪಹಣಿ, ವಾರಸಾ ತಕರಾರುಗಳ ಕಡತ. ಜಾಗದ ಜಗಳವೊಂದರ ಕಡತದಲ್ಲಿ, ಕಟ್ಟಡ ಸ್ವಾಧೀನದಲ್ಲಿತ್ತು ಎಂಬುದಕ್ಕೆ ಪುರಾವೆಯಾಗಿ, ಯಾರೋ ಹಳೆಯ ವಾಚನಾಲಯದ ನಡಾವಳಿ ಪುಸ್ತಕವನ್ನೇ ಲಗತ್ತಿಸಿದ್ದರು. ಜಗಳ ಮುಗಿದಿತ್ತು, ಪುಸ್ತಕವನ್ನು ಮರಳಿ ಒಯ್ಯಲು ಯಾರೂ ಬಂದಿರಲಿಲ್ಲ. ರೂಲು ಹಾಕಿದ ಉದ್ದನೆಯ ಹಾಳೆ, ಮೂಲೆಗಳನ್ನು ಹುಳು ತಿಂದಿತ್ತು, ಮಸಿ ಕಂದು ಬಣ್ಣಕ್ಕೆ ತಿರುಗಿತ್ತು. ತಾರೀಖು ಫಸಲಿಯಲ್ಲಿ, 1351. ಹೈದರಾಬಾದಿನ ಫಸಲಿಗೆ 590 ಕೂಡಿಸಬೇಕು. 1941ನೆಯ ಇಸವಿ ಬರುತ್ತದೆ. ಕಂದೀಲಿಗೆ ಸೀಮೆಎಣ್ಣೆ, ನಿಜಾಮರ ಹಾಲಿ ಸಿಕ್ಕಾ ನಾಣ್ಯದಲ್ಲಿ ಇಷ್ಟು ಆಣೆ, ಚಾಪೆ ಎರಡು, ಹುಬ್ಬಳ್ಳಿಯಿಂದ ಬರುವ ಪತ್ರಿಕೆಯ ಚಂದಾ ಬಾಕಿ. ಕೆಳಗೆ ಹಾಜರಿದ್ದವರ ಸಹಿಗಳು: ಕೆಲವು ಕನ್ನಡದಲ್ಲಿ, ಕೆಲವು ಉರ್ದುವಿನಲ್ಲಿ, ಒಂದೆರಡು ಮೋಡಿ ಲಿಪಿಯಲ್ಲಿ. ಕಟ್ಟಕಡೆಗೆ ಒಂದು ಹೆಬ್ಬೆಟ್ಟಿನ ಗುರುತು. ಅದರ ಪಕ್ಕದಲ್ಲಿ ಬರೆದವರು ಒಂದು ಹೆಸರು ಬರೆದು, ಮುಂದೆ 'ಕಂದೀಲು ಹಚ್ಚುವವ' ಎಂದು ಸೇರಿಸಿದ್ದರು.

ಓದು ಬಾರದ ಮನುಷ್ಯನನ್ನೂ ವಾಚನಾಲಯದ ಸಭೆಯಲ್ಲಿ ಹಾಜರಿದ್ದವನೆಂದು ಬರೆದುಕೊಂಡ ಆ ಜನರ ಮನಸ್ಸು ಎಷ್ಟು ದೊಡ್ಡದು! ಲಾಹೋರಿನ ಲಾಡ್ಜಿನ ಪುಸ್ತಕಕ್ಕಿಂತ ಆ ಒಂದು ಹಾಳೆ ನನಗೆ ಹೆಚ್ಚು ಬೆಲೆಯದು. ಕಂದೀಲು ಹಚ್ಚುವವನ ಮೊಮ್ಮಕ್ಕಳು ಇಂದು ಮಾನ್ವಿಯಲ್ಲೋ ಬೆಂಗಳೂರಿನಲ್ಲೋ ಇರಬಹುದು. ತಮ್ಮ ಅಜ್ಜ ಊರಿನ ಓದುಕೋಣೆಗೆ ಬೆಳಕು ಕೊಟ್ಟವನು ಎಂಬುದು ಅವರಿಗೆ ತಿಳಿಯುವ ದಾರಿ ಆ ಹಾಳೆಯೊಂದೇ.

ದೇವದುರ್ಗದಲ್ಲಿ ಕಂಡದ್ದು ಇದಕ್ಕೆ ವಿರುದ್ಧ. ತಾಲೂಕಿನ ಒಂದು ಹಳ್ಳಿಯಿಂದ ಒಬ್ಬ ವೃದ್ಧರು ಬರುತ್ತಿದ್ದರು. ಹೈದರಾಬಾದ್ ವಿಮೋಚನೆಯ ಹೋರಾಟದ ದಿನಗಳಲ್ಲಿ, 1947–48ರಲ್ಲಿ, ಅವರ ತಂದೆ ಊರು ಬಿಟ್ಟು ಗಡಿ ಶಿಬಿರ ಸೇರಿದ್ದರಂತೆ. ತಾಯಿ ಇನ್ನೂ ಬದುಕಿದ್ದಳು. ಅವಳ ಹೆಸರಿಗೆ ಪಿಂಚಣಿ ಆಗಬೇಕಿತ್ತು. ಅದಕ್ಕೆ ಪುರಾವೆ ಬೇಕು. ಹಳ್ಳಿಯ ಯುವಕ ಸಂಘದಲ್ಲಿ ಆ ಕಾಲದ ಒಂದು ರಜಿಸ್ಟರು ಇತ್ತು, ಶಿಬಿರಕ್ಕೆ ಹೋದವರ ಹೆಸರು, ಒಯ್ದ ಜೋಳದ ಲೆಕ್ಕ ಸಹಿತ ಅದರಲ್ಲಿತ್ತು ಎಂದು ಊರ ಹಿರಿಯರೆಲ್ಲ ಹೇಳಿದರು. ರಜಿಸ್ಟರು ಮಾತ್ರ ಇರಲಿಲ್ಲ. ಕಾರ್ಯದರ್ಶಿಯಾಗಿದ್ದವರು ತೀರಿಕೊಂಡ ಮೇಲೆ ಆ ಮನೆಗೆ ಸುಣ್ಣ ಬಳಿಸುವಾಗ ಹಳೆಯ ಕಾಗದವನ್ನೆಲ್ಲ ರದ್ದಿಯವನಿಗೆ ತೂಕಕ್ಕೆ ಹಾಕಿದ್ದರು. ಅಜ್ಜ ನಮ್ಮ ಪಡಸಾಲೆಯ ಬೆಂಚಿನ ಮೇಲೆ ಕೂತು, ಆ ರಜಿಸ್ಟರಿನ ರಟ್ಟಿನ ಬಣ್ಣ ಯಾವುದಿತ್ತು ಎಂಬುದನ್ನು ಸಹ ಹೇಳುತ್ತಿದ್ದರು. ಬಣ್ಣ ನೆನಪಿದ್ದರೆ ಕಚೇರಿಯಲ್ಲಿ ಏನೂ ನಡೆಯುವುದಿಲ್ಲ. ತಾಯಿ ಪಿಂಚಣಿ ಕಾಣದೆಯೇ ಹೋದಳು.

ನಮ್ಮವರಿಗೆ ಬರೆದಿಡುವ ಅಭ್ಯಾಸವೇ ಇಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇದೇ ಸೀಮೆಯ ದಾಸರನ್ನು ನೋಡಿ. ತಾನಾಶಾ ಗೋಷಾಮಹಲ್ ಕಟ್ಟಿಸಿದ 1682ರಲ್ಲೇ ಚೀಕಲಪರ್ವಿಯಲ್ಲಿ ವಿಜಯದಾಸರು ಹುಟ್ಟಿದರು. ದೇವದುರ್ಗ ತಾಲೂಕಿನ ಮೊಸರಕಲ್ಲಿನ ಗೋಪಾಲದಾಸರು ಅವರ ಶಿಷ್ಯರು. ಗೋಪಾಲದಾಸರಿಂದ ಅಂಕಿತ ಪಡೆದವರು ಮಾನ್ವಿಯ ಜಗನ್ನಾಥದಾಸರು. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ: ಗುರು ಕೊಟ್ಟ ಅಂಕಿತ ಹಾಡಿನ ಕೊನೆಯಲ್ಲಿ ಬರಲೇಬೇಕು. ಹಾಡು ಹೊಲದಲ್ಲಿ, ಬೀಸುವ ಕಲ್ಲಿನ ಮುಂದೆ, ಗುಡಿಯಲ್ಲಿ ಬಾಯಿಂದ ಬಾಯಿಗೆ ದಾಟಿದರೂ ಯಾರದೆಂಬುದು ಅಳಿಯಲಿಲ್ಲ. ಮುನ್ನೂರು ವರ್ಷದ ಹಿಂದಿನ ಒಂದು ಕೂಟದ ಗುರುಶಿಷ್ಯ ಪರಂಪರೆಯನ್ನು ನಾವು ಇವತ್ತು ತಪ್ಪಿಲ್ಲದೆ ಹೇಳುತ್ತೇವೆ. ಆ ದಾಸರ ಹಾಡುಗಳನ್ನು ಹಾಡುವ ಈಗಿನ ಭಜನಾ ಮಂಡಳಿಯಲ್ಲಿ ಮೂವತ್ತು ವರ್ಷದ ಹಿಂದೆ ತಾಳ ಹಿಡಿದವರು ಯಾರೆಂದು ಕೇಳಿದರೆ ಹೇಳುವವರಿಲ್ಲ.

ಸಂಘದ ಕಾಗದ ಸಾಯುವ ಬಗೆ ನನಗೆ ಚೆನ್ನಾಗಿ ಗೊತ್ತು. ರಜಿಸ್ಟರು ಸಂಘದ್ದು, ಆದರೆ ಇರುವುದು ಕಾರ್ಯದರ್ಶಿಯ ಮನೆಯಲ್ಲಿ. ಚುನಾವಣೆಯಲ್ಲಿ ಜಗಳವಾದರೆ ಸೋತವರು ಪುಸ್ತಕ ಕೊಡುವುದಿಲ್ಲ. ಗೆದ್ದವರು ಹೊಸ ಪುಸ್ತಕ ಹೊಲಿಸಿ ಒಂದನೆಯ ಪುಟದಿಂದ ಶುರು ಮಾಡುತ್ತಾರೆ. ಲೆಕ್ಕದಲ್ಲಿ ಹೆಚ್ಚುಕಡಿಮೆ ಇದ್ದಲ್ಲಿ ಪುಸ್ತಕ ಕಾಣದಾಗುವುದೇ ಅನುಕೂಲ. ಇವಕ್ಕಿಂತ ಹೆಚ್ಚಿನದು ಅಸಡ್ಡೆ. ಕರ್ನಾಟಕದ ಸಂಘಗಳ ನೋಂದಣಿ ಕಾಯ್ದೆ 1960ರಿಂದ ಇದೆ. ನೋಂದಾಯಿತ ಸಂಘ ಪ್ರತಿ ವರ್ಷ ತನ್ನ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ಸಲ್ಲಿಸಬೇಕೆಂದು ಅದು ಹೇಳುತ್ತದೆ. 1799ರ ಇಂಗ್ಲೆಂಡಿನ ಕಾಯ್ದೆ ಕೇಳಿದ್ದೂ ಬಹುಮಟ್ಟಿಗೆ ಇದನ್ನೇ. ಅಲ್ಲಿ ಅದು ಚರಿತ್ರೆಯ ಆಕರವಾಯಿತು. ಇಲ್ಲಿ ಅನುದಾನದ ಅರ್ಜಿ ಹಾಕುವ ವರ್ಷ ಮಾತ್ರ ನೆನಪಾಗುವ ಕಾಟಾಚಾರವಾಗಿದೆ.

ಒಂದು ಕಡೆ ಮಾತ್ರ ಒಳ್ಳೆಯದು ನಡೆದಿದೆ. ಅದನ್ನು ಮಾಡಿದವರು ಹೆಣ್ಣುಮಕ್ಕಳು. ಸ್ತ್ರೀಶಕ್ತಿ ಯೋಜನೆ ಬಂದದ್ದು 2000–01ರಲ್ಲಿ. ಅಂದಿನಿಂದ ದೇವದುರ್ಗ, ಮಾನ್ವಿಯ ಹಳ್ಳಿಹಳ್ಳಿಯಲ್ಲಿ ಹತ್ತಿಪ್ಪತ್ತು ಮಂದಿ ಸೇರಿ ವಾರಕ್ಕೊಮ್ಮೆ ಸಭೆ ಮಾಡಿ ಬರೆದಿಟ್ಟ ಪುಸ್ತಕಗಳಿವೆ: ನಡಾವಳಿ, ಉಳಿತಾಯದ ಖಾತೆ, ಸಾಲದ ಖಾತೆ, ನಗದು ವಹಿ. ಬ್ಯಾಂಕು ಸಾಲ ಕೊಡುವ ಮುಂಚೆ ಈ ಪುಸ್ತಕ ನೋಡುತ್ತದೆ, ಆದ್ದರಿಂದ ಬರೆಯುವುದು ಅನಿವಾರ್ಯ. ಮೊದಲ ಪುಟಗಳಲ್ಲಿ ಸಾಲಾಗಿ ಹೆಬ್ಬೆಟ್ಟು. ಕೆಲವು ವರ್ಷ ದಾಟಿ ತಿರುವಿದರೆ ಅಲ್ಲಲ್ಲಿ ಸೊಟ್ಟ ಅಕ್ಷರದ ಸಹಿ. ಇನ್ನೂ ಮುಂದೆ ಹೋದರೆ ಹೆಬ್ಬೆಟ್ಟು ವಿರಳ. ಯಾವ ಬರಗಾಲದಲ್ಲಿ ಯಾರು ಕುರಿಗೆ ಸಾಲ ತೆಗೆದರು, ಯಾರು ಹೆರಿಗೆಗೆ, ಯಾರು ಮಗಳ ಕಾಲೇಜಿಗೆ, ಯಾರ ಮನೆಯವರು ಬೆಂಗಳೂರಿಗೆ ದುಡಿಯಲು ಹೋದದ್ದಕ್ಕೆ ಕಂತು ತಪ್ಪಿತು, ಎಲ್ಲ ಅದರಲ್ಲಿದೆ. ನಮ್ಮ ಜಿಲ್ಲೆಯ ಈ ಇಪ್ಪತ್ತೈದು ವರ್ಷದ ಚರಿತ್ರೆ ಬರೆಯುವವರಿಗೆ ಇದಕ್ಕಿಂತ ಸಾಚಾ ಆಕರ ಬೇರೆ ಸಿಗಲಾರದು. ಸಂಘ ಮುಚ್ಚಿದ ಮೇಲೆ, ಸಾಲ ತೀರಿದ ಮೇಲೆ, ಈ ಪುಸ್ತಕಗಳನ್ನು ಯಾರೂ ಕೇಳುವುದಿಲ್ಲ. ಒಲೆಗೆ ಹೋದದ್ದನ್ನೂ ಕಂಡಿದ್ದೇನೆ.

ಮತ್ತೆ ಮೇಸನ್ನರ ಮಾತಿಗೆ ಬಂದರೆ, 1961ರ ನವೆಂಬರ್ 24ರಂದು ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಸ್ಥಾಪನೆಯಾಯಿತು, ರಾಂಪುರದ ನವಾಬ ರಜಾ ಅಲಿ ಖಾನರು ಅದರ ಮೊದಲ ಗ್ರ್ಯಾಂಡ್ ಮಾಸ್ಟರ್. ಕೆಲವು ಲಾಡ್ಜುಗಳು ಲಂಡನ್ನಿನ ಕೈಕೆಳಗೇ ಉಳಿದವು, ಹೆಚ್ಚಿನವು ಇಲ್ಲಿನದಕ್ಕೆ ಸೇರಿದವು. ಯಜಮಾನಿಕೆ ಬದಲಾದರೂ ವಹಿ ಬರೆಯುವ ಪದ್ಧತಿ ಬದಲಾಗಲಿಲ್ಲ. ಹೈದರಾಬಾದಿನ ಲಾಡ್ಜಿನವರಲ್ಲಿ ನನ್ನದೊಂದು ಬೇಡಿಕೆ: 1948ಕ್ಕೆ ಮೊದಲಿನ ನಿಮ್ಮ ಸದಸ್ಯರ ಪಟ್ಟಿಗಳನ್ನು ಕಲ್ಯಾಣ ಕರ್ನಾಟಕದ ಸಂಶೋಧಕರಿಗೆ ತೆರೆದಿಡಿ. ನಿಜಾಮ ರಾಜ್ಯದ ಯಾವ ಅಧಿಕಾರಿ, ಯಾವ ವಕೀಲ, ಯಾವ ಸಾಹುಕಾರ ಯಾರೊಂದಿಗೆ ಒಂದೇ ಕೋಣೆಯಲ್ಲಿ ಕೂಡುತ್ತಿದ್ದ ಎಂಬುದು ರಾಯಚೂರಿನ ಚರಿತ್ರೆಗೂ ಬೇಕಾದ ಮಾಹಿತಿ. ವಿಧಿಯ ಗುಟ್ಟು ನಿಮ್ಮಲ್ಲೇ ಇರಲಿ, ಅದು ನಮಗೆ ಬೇಡ.

ನಮ್ಮೂರ ಸಂಘಗಳಿಗೆ ಹೇಳುವುದು ಇನ್ನೂ ಇದೆ. ತೀನ್ ಕಂದೀಲ್ ಸುತ್ತಲಿನ ಹಳೆಯ ಮಂಡಳಿಗಳು, ರಾಜೇಂದ್ರ ಗಂಜಿನ ದಲಾಲರ ಮತ್ತು ಹಮಾಲರ ಸಂಘಗಳು, ಮೊಹರಂ ಮತ್ತು ಉರುಸಿನ ಕಮಿಟಿಗಳು, ಮಾನ್ವಿಯ ಕ್ಯಾಂಪುಗಳಲ್ಲಿ ತುಂಗಭದ್ರೆಯ ಕಾಲುವೆಯ ಜೊತೆಗೆ ಹುಟ್ಟಿದ ರೈತ ಸಂಘಗಳು, ದೇವದುರ್ಗದ ಯುವಕ ಮಂಡಳಿಗಳು, ಎಲ್ಲರೂ ಕೇಳಿ. ಈ ಬೇಸಿಗೆಯಲ್ಲಿ ಒಂದು ಸಭೆ ಕರೆಯಿರಿ, ಹಳೆಯ ಪುಸ್ತಕಗಳು ಯಾರ ಮನೆಯಲ್ಲಿವೆ ಎಂದು ಠರಾವು ಮಾಡಿ ಕೇಳಿ ತರಿಸಿಕೊಳ್ಳಿ. ಪ್ರತಿ ಪುಟವನ್ನೂ ಮೊಬೈಲಿನಲ್ಲಿ ಹಗಲು ಬೆಳಕಲ್ಲಿ ಫೋಟೋ ತೆಗೆದು ಮೂರು ಕಡೆ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಬೆವರಿ ಕೊಳೆಯುತ್ತದೆ. ಹತ್ತಿಯ ಬಟ್ಟೆಯ ಬಸ್ತಾ ಕಟ್ಟಿ, ನೆಲಕ್ಕೂ ಗೋಡೆಗೂ ತಾಗದಂತೆ ಕಬ್ಬಿಣದ ಕಪಾಟಿನಲ್ಲಿಡಿ. ಇಟ್ಟುಕೊಳ್ಳಲು ಆಗದಿದ್ದರೆ ರಾಜ್ಯ ಪತ್ರಾಗಾರ ಇಲಾಖೆಯ ಕಲಬುರಗಿ ಕಚೇರಿಗೆ ಬರೆಯಿರಿ, ಅಥವಾ ಯಾವುದಾದರೂ ವಿಶ್ವವಿದ್ಯಾಲಯಕ್ಕೆ ರಶೀದಿ ಪಡೆದು ಒಪ್ಪಿಸಿ. ಮೋಡಿ ಓದುವವರು, ಹಳೆಯ ಉರ್ದುವಿನ ಶಿಕಸ್ತಾ ಕೈಬರಹ ಓದುವವರು ನಮ್ಮ ಜಿಲ್ಲೆಯಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದಾರೆ, ಎಲ್ಲರಿಗೂ ವಯಸ್ಸಾಗಿದೆ. ಅವರ ಪಕ್ಕದಲ್ಲಿ ಒಬ್ಬ ಕಾಲೇಜು ಹುಡುಗನನ್ನೋ ಹುಡುಗಿಯನ್ನೋ ಕೂರಿಸಿ ಓದಿಸಿ, ಬರೆದುಕೊಳ್ಳಿ. ಮಳೆಗಾಲಕ್ಕೆ ಮುಂಚೆ ಈ ಕೆಲಸ ಆಗಲಿ. ಸೋರುವ ಅಟ್ಟದ ಮೇಲೆ ಇನ್ನೊಂದು ಮಳೆ ತಡೆಯುವ ಶಕ್ತಿ ಆ ಕಾಗದಗಳಿಗಿಲ್ಲ.